ಕೊಂಬೆ ಚಾಚಲು ಜಾಗ

ಲಾಲ್‌ಬಾಗಿಗೆ ಹೋಗುವುದಾದರೆ ಫಲಪುಷ್ಪ ಪ್ರದರ್ಶನ ಇಲ್ಲದ ದಿನ ಹೋಗಬೇಕು. ಜನವರಿ, ಆಗಸ್ಟ್‌ಗಳಲ್ಲಿ ಗಾಜಿನ ಮನೆಯ ಮುಂದೆ ಸಾಲುಗಟ್ಟಿದವರ ಕಣ್ಣೆಲ್ಲ ಕುಂಡದ ಹೂಗಳ ಮೇಲೆಯೇ. ಆ ಸಡಗರ ನನಗೂ ಇಷ್ಟ. ಆದರೆ 240 ಎಕರೆಯ ಈ ತೋಟದ ನಿಜವಾದ ಆಸ್ತಿ ವರ್ಷವಿಡೀ ಅಲ್ಲೇ ನಿಂತಿರುವ ಮರಗಳು.

ನನ್ನನ್ನು ಅಲ್ಲಿಗೆ ಮತ್ತೆ ಮತ್ತೆ ಎಳೆಯುವುದು ಅವುಗಳ ಆಕಾರ. ಊರೊಳಗಿನ ಮಳೆಮರ ಪೂರ್ತಿ ಬೆಳೆದದ್ದನ್ನು ನೋಡಿದವರು ಎಷ್ಟು ಮಂದಿ? ಕರೆಂಟಿನ ತಂತಿ ಇರುವ ಕಡೆ ಕೊಂಬೆ ಹೋಗುತ್ತದೆ, ಕಟ್ಟಡ ಏಳುವ ಕಡೆ ಇನ್ನೊಂದು ಹೋಗುತ್ತದೆ. ಉಳಿದದ್ದನ್ನೇ ನಾವು ಮರ ಅನ್ನುತ್ತೇವೆ. ಲಾಲ್‌ಬಾಗಿನಲ್ಲಿ ಅದೇ ಜಾತಿಯ ಮರ ಎತ್ತರಕ್ಕಿಂತ ಅಗಲವಾಗಿ ಕೊಡೆ ಬಿಚ್ಚಿ ನಿಂತಿರುತ್ತದೆ. ಸಂಜೆಯಾದರೆ, ಮೋಡ ಮುಸುಕಿದರೆ ಎಲೆ ಮಡಿಚುತ್ತದೆ. ಬಿಳಿ ಬೂರುಗದ ಬುಡದಲ್ಲಿ ಬೇರುಗಳು ಆಳೆತ್ತರದ ಗೋಡೆಗಳ ಹಾಗೆ ಎದ್ದಿವೆ. ಅವುಗಳ ನಡುವೆ ಮಕ್ಕಳು ಅಡಗಿ ಕೂರುತ್ತಾರೆ.

1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಇದು. ಟಿಪ್ಪು ದೂರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗೆಲ್, ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಜಾತಿಗಳನ್ನು ಆರಿಸಿ ನೆಡಿಸಿದರು. ಮಡಗಾಸ್ಕರದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ ನಮ್ಮ ಊರಿನವೇ ಅನ್ನಿಸುವಷ್ಟು ಹತ್ತಿರವಾದದ್ದರ ಹಿಂದೆ ಇಂಥ ಕೈಗಳಿವೆ.

ನಾಗಲಿಂಗದ ಮುಂದೆ ಮಾತ್ರ ನಾನು ತುಂಬ ಹೊತ್ತು ನಿಲ್ಲುತ್ತೇನೆ. ಹೂ ಕೊಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ಹೊರಡುತ್ತದೆ. ನಮ್ಮವರು ಅದರಲ್ಲಿ ಹೆಡೆಯ ಕೆಳಗಿನ ಶಿವಲಿಂಗವನ್ನು ಕಂಡು ದೇವರಿಗೆ ಏರಿಸುತ್ತಾರೆ. ಮರದ ತವರು ದಕ್ಷಿಣ ಅಮೆರಿಕದ ಕಾಡು. ಹೂವಿನಲ್ಲಿ ಮಕರಂದವೇ ಇಲ್ಲ; ಎರಡು ಬಗೆಯ ಪರಾಗ ಇದೆ. ಹೆಡೆಯಲ್ಲಿರುವುದು ಜೇನಿಗೆ ಊಟ, ಕೆಳಗಿನ ಬಳೆಯಲ್ಲಿರುವುದು ಸಂತಾನಕ್ಕೆ. ಊಟಕ್ಕೆ ಬಂದ ದುಂಬಿಯ ಮೈಗೆ ಎರಡನೆಯದು ಅಂಟಿ ಮುಂದಿನ ಹೂವಿಗೆ ಸಾಗುತ್ತದೆ. ಇಷ್ಟು ತಿಳಿದ ಮೇಲೆ ಆ ಹೂವಿನ ಮೇಲಿನ ಭಕ್ತಿ ನನಗೆ ಹೆಚ್ಚಾಗಿದೆ.

ಅಲ್ಲೇ ಶಂಕುವಿನಂತೆ ನೆಟ್ಟಗೆ ಏರಿದ ಕುಕ್ ಪೈನ್‌ಗಳಿವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ಅವುಗಳ ನೆಲ. ಜಗತ್ತಿನ ಐದು ಖಂಡಗಳಲ್ಲಿ ಈ ಮರವನ್ನು ಅಳೆದವರು 2017ರಲ್ಲಿ ಕಂಡುಕೊಂಡದ್ದು: ಎಲ್ಲಿ ನೆಟ್ಟರೂ ಇದು ಸಾಮಾನ್ಯವಾಗಿ ಸಮಭಾಜಕ ವೃತ್ತದ ಕಡೆಗೇ ವಾಲುತ್ತದೆ, ದೂರ ಹೋದಷ್ಟೂ ವಾಲು ಹೆಚ್ಚು. ಬೆಂಗಳೂರು ಆ ವೃತ್ತಕ್ಕೆ ಸಾಕಷ್ಟು ಹತ್ತಿರ, ಹಾಗಾಗಿ ಇಲ್ಲಿ ವಾಲು ಕಡಿಮೆಯೇ ಇರಬೇಕು. ದಿಕ್ಸೂಚಿ ಹಿಡಿದು ಬುಡದಲ್ಲಿ ನಿಂತು, ತುದಿ ದಕ್ಷಿಣಕ್ಕೆ ಎಷ್ಟು ಬಾಗಿದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಹೊರಗೆ ಬಂದರೆ ರಸ್ತೆಯ ಮರಗಳು ಕಾಣುತ್ತವೆ. ಎಷ್ಟೋ ಕಡೆ ಕಾಂಡಕ್ಕೆ ತಾಗುವವರೆಗೆ ಕಾಂಕ್ರೀಟು ಸುರಿದಿದ್ದಾರೆ, ನೀರು ಇಳಿಯಲು ಒಂದು ಗೇಣು ಮಣ್ಣೂ ಇಲ್ಲ. ಗಾಳಿಮಳೆಗೆ ಅವು ಉರುಳಿದಾಗ ನಾವು ಮರವನ್ನೇ ದೂರುತ್ತೇವೆ. ಬುಡದ ಕಾಂಕ್ರೀಟನ್ನು ಈ ಬೇಸಿಗೆಯಲ್ಲೇ ಒಡೆದು ತೆಗೆಸಬಹುದು. ಅದಕ್ಕೆ ಒಂದು ಹಾರೆ, ಅರ್ಧ ದಿನದ ಕೂಲಿ ಸಾಕು.