ಶೇಕಡಾ 21 ಚಾರ್ಜ್, ರಾತ್ರಿ ಒಂದು ಗಂಟೆ

ಕಾರು ತಂದ ದಿನ ಅರಳಿಕಟ್ಟೆಯಲ್ಲಿ ಯಾರೂ ಬೆಲೆ ಕೇಳಲಿಲ್ಲ. 'ಎಷ್ಟು ದೂರ ಹೋಗುತ್ತೆ?' ಅಂದರು. ಆಮೇಲೆ, 'ದಾರೀಲಿ ಖಾಲಿ ಆದ್ರೆ?' ಪೆಟ್ರೋಲ್ ಗಾಡಿಯಾದರೆ ಬಾಟಲಿ ಹಿಡ್ಕೊಂಡು ಬಂಕಿಗೆ ಹೋಗಬಹುದು. ಕರೆಂಟನ್ನು ಯಾವ ಬಾಟಲೀಲಿ ತರೋದು?

ನಾವು ಮೂವರು ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಓದಿದವರು. ಒಬ್ಬರು ತುಮಕೂರಿನಲ್ಲಿ, ಒಬ್ಬರು ಗುಬ್ಬಿಯಲ್ಲಿ, ಒಬ್ಬರು ಹೆಬ್ಬೂರು ದಾಟಿದ ಮೇಲೆ ಸಿಗುವ ಕುಣಿಗಲ್ ಕಡೆಯ ಹಳ್ಳಿಯಲ್ಲಿ ಇದ್ದೇವೆ. ಸುದ್ದಿಗೆ, ಮದುವೆ ವಿಡಿಯೊ ಕೆಲಸಕ್ಕೆ ಓಡಾಡಲು ದುಡ್ಡು ಸೇರಿಸಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡೆವು.

ಲೆಕ್ಕ ಸುಲಭ. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದಕ್ಕೂ ಅಳತೆ. ನಮ್ಮ ಬ್ಯಾಟರಿ 26 ಯೂನಿಟ್ಟಿನದು. ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಕಾಗದದ ಮೇಲೆ 300 ಕಿ.ಮೀ. ಅಂತಿದ್ದರೂ ನಮ್ಮ ರಸ್ತೆಯಲ್ಲಿ ಸಿಗೋದು 180ರ ಆಸುಪಾಸು. ಹೆದ್ದಾರಿಯಲ್ಲಿ 100ರ ಸ್ಪೀಡಿಗೆ ಹೋದರೆ, ಎ.ಸಿ. ಹಾಕಿದರೆ ಇನ್ನೂ ಕಮ್ಮಿ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ಬಂದ ರೇವಾ ಕಾರು ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಅದಕ್ಕೆ ಹೋಲಿಸಿದರೆ ನಮ್ಮದು ಪರವಾಗಿಲ್ಲ. ಕುಣಿಗಲ್‌ನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ ಹೋಗಿ ಅದೇ ದಾರೀಲಿ ವಾಪಸ್ ಬಂದರೂ 120 ಕಿ.ಮೀ. ಆಗಲ್ಲ. ಭಯ ಯಾಕೆ ಅಂದುಕೊಂಡಿದ್ದೆವು.

ಒಂದು ದಿನ ಗುಬ್ಬಿ ಕೆಲಸ ಮುಗಿಸಿ ಮೂವರೂ ಹಳ್ಳಿ ಮನೆಗೆ ಬಂದಾಗ ಉಳಿದಿದ್ದು ಶೇಕಡಾ 18. ಮನೆಯ 15 ಆಂಪ್ ಪಾಯಿಂಟಿನಲ್ಲಿ ಗಂಟೆಗೆ 3 ಯೂನಿಟ್ ಏರುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆಗೆ ಫುಲ್. ಪ್ಲಗ್ ಹಾಕಿ ಕಾಲು ಗಂಟೆಗೆ ಗಾಳಿ ಮಳೆ ಶುರುವಾಯಿತು, ಕರೆಂಟ್ ಹೋಯಿತು. ಬರುತ್ತೆ ಬಿಡು ಅಂತ ಮಲಗಿದೆವು.

ರಾತ್ರಿ ಒಂದು ಗಂಟೆಗೆ ಪಕ್ಕದ ಮನೆ ಅಣ್ಣ ಬಾಗಿಲು ತಟ್ಟಿದರು. ಅಜ್ಜಿಗೆ ಉಸಿರಾಟ ಕಷ್ಟವಾಗಿತ್ತು. ಅವರಿಗೆ ಹೃದಯದ ಚಿಕಿತ್ಸೆ ನಡೀತಾ ಇದ್ದದ್ದು ತುಮಕೂರಿನಲ್ಲಿ. ಕುಣಿಗಲ್ ಹತ್ತಿರವಾದರೂ, ಹೀಗಾದರೆ ನೇರ ತುಮಕೂರಿಗೇ ಕರ್ಕೊಂಡು ಬನ್ನಿ ಅಂತ ಡಾಕ್ಟರು ಮೊದಲೇ ಹೇಳಿದ್ದರಂತೆ. ದೂರ 30 ಕಿ.ಮೀ.

ಕರೆಂಟ್ ಬಂದಿರಲಿಲ್ಲ. ಕಾರಿನ ಪರದೆಯಲ್ಲಿ ಶೇಕಡಾ 21, ಓಡುವುದು 38 ಕಿ.ಮೀ. ಅಂತ ತೋರಿಸುತ್ತಿತ್ತು. ಲೆಕ್ಕದ ಪ್ರಕಾರ ಸಾಕು. ಆದರೆ ಶೇಕಡಾ 18ಕ್ಕಿಂತ ಕೆಳಗೆ ನಾವು ಒಮ್ಮೆಯೂ ಓಡಿಸಿರಲಿಲ್ಲ. ಕತ್ತಲಲ್ಲಿ, ಮಳೇಲಿ, ಅಜ್ಜಿಯನ್ನು ಹಿಂದೆ ಮಲಗಿಸಿಕೊಂಡು ನಡುದಾರಿಯಲ್ಲಿ ನಿಂತರೆ? ಕೀ ಕೈಲಿ ಹಿಡಿದು ಮೂವರೂ ಮುಖ ಮುಖ ನೋಡಿಕೊಂಡೆವು.

'ಹೋಗುತ್ತೆ ಅಂದ್ರೆ ಹೋಗುತ್ತೆ ಅನ್ನಿ, ಇಲ್ಲ ಅಂದ್ರೆ ಇಲ್ಲ ಅನ್ನಿ' ಅಂದರು ಅಣ್ಣ. ನಮ್ಮ ಬಾಯಿಂದ ಉತ್ತರ ಬರಲಿಲ್ಲ. ಅವರು ಬೀದಿ ಕೊನೆಗೆ ಓಡಿ ಹಳೇ ಓಮ್ನಿಯವರನ್ನು ಎಬ್ಬಿಸಿದರು.

ಅಜ್ಜಿ ನಾಲ್ಕು ದಿನಕ್ಕೆ ಹುಷಾರಾಗಿ ಬಂದರು. ನೋಡಲು ಹೋದಾಗ, 'ನಿಮ್ಮ ಕಾರು ಅವತ್ತು ಉಂಡಿರಲಿಲ್ವಂತೆ?' ಅಂತ ಕೇಳಿದರು. ಮನೆಯವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಅಣ್ಣನ ಮುಖ ನೋಡೋಕೆ ಆಗಲಿಲ್ಲ.

ಮುಂದಿನ ಭಾನುವಾರ ಹಗಲಲ್ಲಿ ಬೇಕಂತಲೇ ಚಾರ್ಜ್ 21ಕ್ಕೆ ಇಳಿಸಿ ಅದೇ ದಾರೀಲಿ ಹೊರಟೆವು. ಎ.ಸಿ. ಇಲ್ಲ, ಸ್ಪೀಡು 50. ತುಮಕೂರು ತಲುಪಿದಾಗ ಇನ್ನೂ ಶೇಕಡಾ 5 ಉಳಿದಿತ್ತು. ಅವತ್ತೂ ಬಹುಶಃ ಹೋಗುತ್ತಿತ್ತು. ಬ್ಯಾಟರಿ ಚಿಕ್ಕದು ಅನ್ನೋದಕ್ಕಿಂತ, ನಮ್ಮ ಕಾರು ಕೊನೆಗೆ ಎಷ್ಟು ಓಡುತ್ತೆ ಅಂತ ನಮಗೇ ಗೊತ್ತಿರಲಿಲ್ಲ ಅನ್ನೋದೇ ಆ ರಾತ್ರಿಯ ತೊಂದರೆ.

ಹಳ್ಳಿಯ ಭಯಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ನಮ್ಮ ಮನೆ ಪಾಯಿಂಟಿಗೆ ಬರುವ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೆ ಕಾರು ನಿಂತಲ್ಲೇ. ಪೇಟೆಯವರಿಗೆ ಇನ್ನೊಂದು ಚಾರ್ಜರ್ ಸಿಗುತ್ತೆ, ನಮಗೆ ಇರೋದು ಆ ಒಂದೇ ಪಾಯಿಂಟ್.

ಈಗ ನಾವು ಚಾರ್ಜ್ ಶೇಕಡಾ 40ಕ್ಕಿಂತ ಕೆಳಗೆ ಇಳಿಸಿಕೊಂಡು ಮನೆಗೆ ಬರಲ್ಲ. ಅಷ್ಟಿದ್ದರೆ ತುಮಕೂರಿಗೆ ಹೋಗಿ ವಾಪಸ್ ಬರಬಹುದು. ಹೆಬ್ಬೂರಲ್ಲಿ ಒಬ್ಬರು, ಗುಬ್ಬಿಯಲ್ಲಿ ಇಬ್ಬರು ಪರಿಚಯದವರ ಮನೆಯಲ್ಲಿ 15 ಆಂಪ್ ಪಾಯಿಂಟ್ ಕೇಳಿ ಇಟ್ಟುಕೊಂಡಿದ್ದೇವೆ. ಮೋಡ ಕಟ್ಟಿದರೆ ಮೊದಲು ಪ್ಲಗ್, ಆಮೇಲೆ ಊಟ.

ಕಾರು ತಗೊಳ್ಳೋರು ನಮ್ಮನ್ನು ಕೇಳಿದರೆ ಬೇಡ ಅನ್ನಲ್ಲ. ತಗೊಂಡ ಮೊದಲ ವಾರದಲ್ಲೇ, ಹಗಲು ಹೊತ್ತಲ್ಲಿ, ಚಾರ್ಜ್ 5ಕ್ಕೆ ಇಳಿಯುವ ತನಕ ಒಮ್ಮೆ ಓಡಿಸಿ ನೋಡಿ ಅಂತೇವೆ. ಪಕ್ಕದ ಮನೆ ಅಣ್ಣನಿಗೂ ಹೇಳಿದ್ದೇವೆ, ಇನ್ನು ಮೇಲೆ ಎಷ್ಟೊತ್ತಿಗಾದರೂ ಬಾಗಿಲು ತಟ್ಟಿ ಅಂತ. 'ನೋಡೋಣ' ಅಂದಿದ್ದಾರೆ.