ಹಿರಿಯರಿಗೆ ಹೊಸ ಅರಿವೆ

ಶ್ರೀಮಠದ ಆಶ್ರಯದಲ್ಲಿ ನಡೆದುಬಂದಿರುವ ನಮ್ಮ ಶಾಲೆಯ ಈ ಸಂಸ್ಮರಣ ಸಂಪುಟಕ್ಕೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದರು. ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯುವುದು ನನ್ನಂಥ ಪಂಡಿತನಿಗೆ ಸುಲಭವಾಗಿತ್ತು. ಆದರೆ ಹುಡುಗನೊಬ್ಬನ ಪ್ರಶ್ನೆಯಿಂದ ನಾನೇ ಪಾಠ ಕಲಿತ ಪ್ರಸಂಗವನ್ನು ನಿವೇದಿಸುವುದು ಹೆಚ್ಚು ಉಚಿತವೆಂದು ತೋರಿತು.

2022ರ ಸೆಪ್ಟೆಂಬರ್ ತಿಂಗಳು. ವಾಣಿವಿಲಾಸ ಸಾಗರವು 1933ರ ತರುವಾಯ ಮೊದಲ ಬಾರಿಗೆ ಕೋಡಿ ಬಿದ್ದು, ಹಿರಿಯೂರು ಸೀಮೆಯ ಜನರೆಲ್ಲ ಆ ಜಲರಾಶಿಯನ್ನು ಕಾಣಲು ಹೋಗುತ್ತಿದ್ದ ದಿನಗಳು. ವಿದ್ಯಾರ್ಥಿಯೊಬ್ಬ ಪುಸ್ತಕವೊಂದನ್ನು ಹಿಡಿದು ಬಂದು, "ಸಾರ್, ಮಡಗಾಸ್ಕರದಲ್ಲಿ ಸತ್ತವರನ್ನು ಗೋರಿಯಿಂದ ಹೊರಗೆ ತೆಗೆದು ಕುಣಿಯುತ್ತಾರಂತೆ, ಅವರಿಗೆ ಬುದ್ಧಿ ಬೇಡವೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಉತ್ತರವನ್ನು ಮರುದಿನ ಹೇಳುವೆನೆಂದು ಆ ಪುಸ್ತಕವನ್ನು ಮನೆಗೆ ಒಯ್ದೆ.

ಹಿಂದೂ ಮಹಾಸಾಗರದ ಆ ಮಹಾದ್ವೀಪದ ಜನರನ್ನು ಮಲಗಾಸಿಗಳೆನ್ನುವರು. ಆಫ್ರಿಕದ ಮಗ್ಗುಲಲ್ಲಿದ್ದರೂ ಅವರ ಭಾಷೆ ದೂರದ ಬೋರ್ನಿಯೋ ದ್ವೀಪದ ಭಾಷೆಗಳಿಗೆ ಬಂಧು. ಪೂರ್ವಿಕರನ್ನು ಅವರು 'ರಜಾನ' ಎಂದು ಕರೆದು, ಅವರ ಹರಕೆಯಿಂದಲೇ ಮನೆತನ ಬಾಳುವುದೆಂದು ನಂಬುವರು. ಮಧ್ಯದ ಎತ್ತರದ ಸೀಮೆಯಲ್ಲಿ ಮೆರಿನ, ಬೆತ್ಸಿಲೇವು ಜನರು ಕೆಲವು ವರ್ಷಗಳಿಗೊಮ್ಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಳಿಗಾಲದಲ್ಲಿ, 'ಫಮದಿಹಾನ' ಎಂಬ ಹಬ್ಬವನ್ನು ಆಚರಿಸುವರು. ಮನೆತನದ ಕಲ್ಲಿನ ಸಮಾಧಿಯನ್ನು ತೆರೆದು, ಹಿರಿಯರ ಅವಶೇಷಗಳಿಗೆ 'ಲಾಂಬಾ ಮೇನಾ' ಎಂಬ ಹೊಸ ಅರಿವೆಯನ್ನು ಸುತ್ತಿ, ಮನೆಯ ಸುದ್ದಿಯನ್ನೆಲ್ಲ ಅವರಿಗೆ ತಿಳಿಸಿ, ವಾದ್ಯಗಳೊಡನೆ ಹೊತ್ತು ಮೆರೆಸಿ, ಮತ್ತೆ ಒಳಗಿರಿಸುವರು. ದೂರ ಹೋದವರೆಲ್ಲ ಬಂದು ಸೇರಬೇಕು. ವೆಚ್ಚವನ್ನು ಒಡಹುಟ್ಟಿದವರು ಹಂಚಿಕೊಳ್ಳಬೇಕು. ಅಲ್ಲಿಯೂ ಇದು ದುಂದುವೆಚ್ಚವೆಂದು, ಮತಕ್ಕೆ ಹೊರತೆಂದು ಬಿಟ್ಟವರುಂಟು.

ಓದಿ ಮುಗಿಸಿದಾಗ ನನ್ನ ಆದಿವಾಲದ ಮನೆ ಕಣ್ಣೆದುರು ನಿಂತಿತು. ಮಹಾಲಯ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ಸಾರಿಸಿದ ನೆಲದಲ್ಲಿ ಮಣೆಯಿಟ್ಟು, ಅದರ ಮೇಲೆ ಹೊಸ ಧೋತರ, ಸೀರೆಗಳನ್ನು ಮಡಿಸಿಟ್ಟು, ವಿಭೂತಿ ಧರಿಸಿ, ಹೂವೇರಿಸಿ, ಕಡುಬು ಪಾಯಸಗಳ ಎಡೆ ಇಕ್ಕುವರು. ಧೂಪ ಹಾಕಿ ಬಾಗಿಲನ್ನು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುವರು. ಹಿರಿಯರು ಬಂದು ಉಂಡುಹೋಗಲಿ ಎಂಬುದೇ ಇದರ ಭಾವ. ಆಮೇಲೆ ಆ ಬಟ್ಟೆಯನ್ನು ಮನೆಯವರೇ ಉಡುವರು.

ಆ ಹಬ್ಬಕ್ಕೆ ನಾನು ಹೋಗಿ ಒಂಬತ್ತು ವರ್ಷಗಳಾಗಿದ್ದವು. ಲಿಂಗೈಕ್ಯರಾದವರಿಗೆ ಎಡೆಯೇಕೆ, ಶರಣಪಥದಲ್ಲಿ ಶ್ರಾದ್ಧಕ್ಕೆ ಸ್ಥಾನವಿಲ್ಲ ಎಂದು ಕೇಳಿದವರಿಗೆಲ್ಲ ವಾದಿಸುತ್ತಿದ್ದೆ. ವಾದದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ನನ್ನಲ್ಲಿ. ತಂದೆಯವರ ತರುವಾಯ ತೆಂಗಿನ ತೋಟದ ಪಾಲಿನಲ್ಲಿ ಅಣ್ಣನಿಗೂ ನನಗೂ ಮಾತು ನಿಂತಿತ್ತು. ಆ ಹಗೆಗೆ ನಾನು ತತ್ತ್ವದ ಹೊದಿಕೆ ಹೊದಿಸಿದ್ದೆ. ಸಮಾಧಿಯ ಮುಂದೆ ಒಡಹುಟ್ಟಿದವರೊಡನೆ ನಿಲ್ಲುವ ಮಲಗಾಸಿಯನ್ನು ನೋಡಿ ನಗುವ ಅರ್ಹತೆ ನನಗೆಲ್ಲಿತ್ತು?

ಮರುದಿನ ತರಗತಿಯಲ್ಲಿ, "ಅವರು ಮಾಡುವುದು ನಮಗೆ ಒಗ್ಗಲೇಬೇಕೆಂದಿಲ್ಲ; ಆದರೆ ಹಿರಿಯರ ನೆಪದಲ್ಲಿ ಮನೆತನವನ್ನು ಕೂಡಿಸುವುದು ಬುದ್ಧಿಯಿಲ್ಲದವರ ಕೆಲಸವಲ್ಲ" ಎಂದೆ. ಹೇಳಿದ ಮೇಲೆ ನಡೆಯದಿದ್ದರೆ ಉಪಾಧ್ಯಾಯನಾಗಿ ಫಲವೇನು? ಅದೇ ತಿಂಗಳ 25ರಂದು ಅಮಾವಾಸ್ಯೆ. ಬೆಳಗಿನ ಬಸ್ಸು ಹತ್ತಿದೆ.

ಅಣ್ಣ ಜಗುಲಿಯ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಕ್ಷಣಕಾಲ ಸುಮ್ಮನಿದ್ದು, "ಕೈಕಾಲು ತೊಳಕೊಂಡು ಬಾರಪ್ಪ, ಎಡೆ ಇಕ್ಕೋ ಹೊತ್ತಾಯ್ತು" ಎಂದಷ್ಟೇ ನುಡಿದ. ಪೂಜೆ ಮುಗಿದ ಮೇಲೆ ಅವ್ವ ಪೆಟ್ಟಿಗೆ ತೆರೆದಳು. ವರ್ಷವರ್ಷವೂ ತಂದೆಯವರ ಹೆಸರಿನಲ್ಲಿಟ್ಟು, ನನ್ನ ಪಾಲಿನದೆಂದು ಅವಳು ಎತ್ತಿರಿಸಿದ್ದ ಧೋತರಗಳು ಅಲ್ಲಿದ್ದವು. ತೋಟದ ಲೆಕ್ಕ ಇಂದಿಗೂ ಪೂರ್ತಿ ತೀರಿಲ್ಲ. ಆದರೆ ಅಂದಿನಿಂದ ಪ್ರತಿ ವರ್ಷವೂ ಒಂದೇ ಎಡೆಯ ಮುಂದೆ ನಾವಿಬ್ಬರೂ ನಿಲ್ಲುತ್ತೇವೆ.

ಈ ಶಾಲೆಯಿಂದ ದೂರದೂರಿಗೆ ಹೋಗುವ ವಿದ್ಯಾರ್ಥಿಗಳು ಅನ್ಯರ ಆಚಾರವನ್ನು ಕಂಡು ನಗುವ ಮೊದಲು ತಮ್ಮ ಮನೆಯ ಬಾಗಿಲನ್ನೊಮ್ಮೆ ನೆನೆಯಲಿ ಎಂದು ಹಾರೈಸಿ ವಿರಮಿಸುತ್ತೇನೆ.