ಸಿರಸಂಗಿಯ ವಾಡೆಯ ಮುಂದೆ

ಪುಷ್ಯಮಾಸದ ಒಂದು ಮುಂಜಾನೆ ನಾವು ಧಾರವಾಡದಲ್ಲಿ ಸವದತ್ತಿಯ ಬಸ್ಸನ್ನು ಹತ್ತಿದೆವು. ಬಸ್ಸಿನ ತುಂಬ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರು. ಹಣೆಯ ಮೇಲೆ ಭಂಡಾರ, ತೊಡೆಯ ಮೇಲೆ ಬುತ್ತಿಯ ಗಂಟು, ಬಾಯಲ್ಲಿ 'ಉಧೋ ಉಧೋ' ಎಂಬ ಘೋಷ. ಸವದತ್ತಿಯಲ್ಲಿ ಅವರೆಲ್ಲ ಇಳಿದುಹೋದ ಮೇಲೆ ಸಿರಸಂಗಿಯ ಕಡೆಗೆ ಮುಂದುವರಿದವರು ನಾವು ಕೆಲವರು ಮಾತ್ರ. ದಾರಿಯ ಎರಡೂ ಬದಿಗೆ ಎರೆಭೂಮಿ. ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಅದರ ಮಗ್ಗುಲಲ್ಲಿ ಗೋದಿ, ಕಡಲೆ. ಹೊಲದ ಅಂಚಿನಲ್ಲಿ ಕುಸುಬೆ. ಮಲಪ್ರಭೆಯ ಈ ಸೀಮೆಯನ್ನು ಚಳಿಗಾಲದಲ್ಲಿ ನೋಡಬೇಕು ಎಂದು ಹಿರಿಯರು ಹೇಳುತ್ತಿದ್ದ ಮಾತು ನಿಜವೆನಿಸಿತು.

ನಾವು ಹೊರಟದ್ದು ಕೇವಲ ಊರು ನೋಡುವುದಕ್ಕಲ್ಲ. ಕೆಲವು ದಿನಗಳ ಹಿಂದೆ ನಮ್ಮ ಮನೆಯ ಹುಡುಗನೊಬ್ಬನು, ಲಿಂಗಪೂಜೆ ಮುಗಿಸಿ ಎದ್ದ ನಮ್ಮನ್ನು, "ಅಜ್ಜಾ, ದಿನಾ ಪೂಜೆ ಮಾಡುವುದು ದೊಡ್ಡದೋ, ಸಮಾಜದ ಕೆಲಸ ಮಾಡುವುದು ದೊಡ್ಡದೋ?" ಎಂದು ಕೇಳಿದ್ದನು. "ಎರಡೂ ಬೇಕು ತಮ್ಮಾ" ಎಂದು ಹೇಳಿ ಜಾರಿಕೊಂಡೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅದೇ ವಾರ, ಬಡ ವಿದ್ಯಾರ್ಥಿಗಳ ಪ್ರಸಾದ ನಿಲಯವೊಂದರಿಂದ, ರವಿವಾರಕ್ಕೊಮ್ಮೆ ಬಂದು ಮಕ್ಕಳಿಗೆ ಗಣಿತ ಹೇಳಿಕೊಡಬೇಕೆಂದು ನಮಗೆ ಕರೆ ಬಂದಿತ್ತು. ನಾವು ಒಂದಿಷ್ಟು ಹಣವನ್ನು ಕಳಿಸಿ, ಕರ್ತವ್ಯ ಮುಗಿಯಿತೆಂದು ಸುಮ್ಮನಾಗಿದ್ದೆವು.

ಸಿರಸಂಗಿಯಲ್ಲಿ ಇಳಿದವರು ಮೊದಲು ಕಾಳಿಕಾದೇವಿಯ ಗುಡಿಗೆ ಹೋದೆವು. ಇದು ಪುರಾತನ ಕ್ಷೇತ್ರ. ವಿಶ್ವಕರ್ಮ ಸಮಾಜದ ಬಾಂಧವರಿಗೆ ಪರಮಪೂಜ್ಯವಾದ ತಾಣ. ಒಕ್ಕಲುಮಕ್ಕಳಿಗೂ ನಡೆದುಕೊಳ್ಳುವ ದೇವರು. ಯುಗಾದಿಯ ವೇಳೆಗೆ ಇಲ್ಲಿ ಜಾತ್ರೆ ನೆರೆಯುತ್ತದೆ. ಆಗ ಹೊಸ ಗೋದಿಯನ್ನು ದೇವಿಗೆ ಅರ್ಪಿಸುವ ರೂಢಿಯಿದೆ. ಬೆಳೆದದ್ದನ್ನು ಮೊದಲು ಅರ್ಪಿಸಿ ಆಮೇಲೆ ಉಣ್ಣುವ ಈ ನಡತೆಯು, ಅರ್ಪಿತವಾಗದುದನ್ನು ಸ್ವೀಕರಿಸಬಾರದೆಂಬ ನಮ್ಮ ಪ್ರಸಾದ ತತ್ತ್ವಕ್ಕೆ ಎಷ್ಟು ಸಮೀಪವಾದುದು!

ಅಂದು ಜನಸಂದಣಿ ಇರಲಿಲ್ಲ. ವೃದ್ಧೆಯೊಬ್ಬರು ಅಂಗಳದ ಕಸ ಗುಡಿಸುತ್ತಿದ್ದರು. ಸಂಬಳದ ಆಳಿರಬಹುದೆಂದು ತಿಳಿದು, "ಯವ್ವಾ, ಈ ಕೆಲಸಕ್ಕೆ ನಿಮ್ಮನ್ನು ಯಾರು ಹಚ್ಚ್ಯಾರ?" ಎಂದು ಕೇಳಿದೆವು. ಆ ತಾಯಿ ನಕ್ಕು, "ಯಾರೂ ಹಚ್ಚಿಲ್ಲೋ ಯಪ್ಪಾ. ನಾಕ್ ಮಂದಿ ಬಂದು ಕುಂದರು ಜಾಗಾ, ಹಸನ ಇರಬೇಕಲ್ಲ" ಎಂದರು. ದೇವಿಯ ಸೇವೆಯೆಂದು ಅವರು ಹೇಳಲಿಲ್ಲ. ಬಂದು ಕೂಡುವವರಿಗಾಗಿ ಎಂದರು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ನಮಗೆ ಅಲ್ಲಿಯೇ ದೊರೆಯಿತು.

ಅಲ್ಲಿಂದ ದೇಸಾಯರ ವಾಡೆಯ ಕಡೆಗೆ ನಡೆದೆವು. ನಮ್ಮ ಸಮಾಜದ ಮನೆಮನೆಗೆ ಸಿರಸಂಗಿಯ ಹೆಸರನ್ನು ಮುಟ್ಟಿಸಿದವರು ಈ ವಾಡೆಯಲ್ಲಿ ಬಾಳಿದ ತ್ಯಾಗವೀರ ಲಿಂಗರಾಜ ದೇಸಾಯರು. 1861ರ ಜನವರಿ 10ರಂದು ಶಿಗ್ಗಾವಿಯಲ್ಲಿ ಹುಟ್ಟಿ, ನವಲಗುಂದ-ಸಿರಸಂಗಿ ದೇಸಗತಿಗೆ ದತ್ತಕವಾಗಿ ಬಂದವರು ಅವರು. ಹೊಲ, ಹಣ, ಮಾನ ಮರ್ಯಾದೆ ಯಾವುದಕ್ಕೂ ಕೊರತೆಯಿಲ್ಲದ ಮನೆತನ. ಆದರೆ ಆ ಕಾಲದಲ್ಲಿ ನಮ್ಮ ಹಳ್ಳಿಗಳ ಮಕ್ಕಳು ಎತ್ತಿನ ಹಿಂದೆ ನಡೆದವರೇ ಹೊರತು ಶಾಲೆಯ ಮೆಟ್ಟಿಲು ಹತ್ತಿದವರು ವಿರಳ. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ಧಾರವಾಡದಲ್ಲಿ ನೆರೆದಾಗ, ಅದರ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು ಈ ದೇಸಾಯರೇ.

ಎರಡು ವರ್ಷಗಳ ನಂತರ, 1906ರಲ್ಲಿ, ನಲವತ್ತೈದರ ಪ್ರಾಯದಲ್ಲಿಯೇ ಅವರು ಲಿಂಗೈಕ್ಯರಾದರು. ತಮ್ಮ ಆಸ್ತಿಯು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಅವರು ಮೃತ್ಯುಪತ್ರವನ್ನು ಬರೆದಿಟ್ಟಿದ್ದರು. ಆ ಆಸ್ತಿಯಿಂದ ರೂಪುಗೊಂಡ ನವಲಗುಂದ-ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಎಷ್ಟೋ ಬಡ ಮನೆಗಳ ಮಕ್ಕಳು ಓದಿ ಮುಂದೆ ಬಂದರು. ದತ್ತಕವಾಗಿ ಬಂದ ಒಬ್ಬ ಮಗನು, ಕೊನೆಗೆ ಸಮಾಜದ ಮಕ್ಕಳನ್ನೆಲ್ಲ ತಾನೇ ದತ್ತಕ ತೆಗೆದುಕೊಂಡಂತಾಯಿತು.

ವಾಡೆಯ ಮುಂದೆ ನಿಂತಾಗ ನಮಗೊಂದು ವಿಚಾರ ಹೊಳೆಯಿತು. ಹಣವೊಂದೇ ಶಾಲೆಯನ್ನು ನಡೆಸಲಾರದು. ತಿಜೋರಿಯಲ್ಲಿಯ ರೂಪಾಯಿ ತಾನಾಗಿ ಎದ್ದು ಮಗುವಿಗೆ ಅಕ್ಷರ ತಿದ್ದಿಸುವುದಿಲ್ಲ. ಅದಕ್ಕೆ ಮನುಷ್ಯರು ಬೇಕು. ಅಂಥವರೂ ಈ ಬೆಳಗಾವಿ ಸೀಮೆಗೆ ದೊರೆತರು. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯನ್ನು ತೆರೆದು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಟಿಗೆ ನಾಂದಿ ಹಾಡಿದ ಏಳು ಜನರನ್ನು ನಾಡು ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತದೆ. ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಅವರಲ್ಲಿ ಇಬ್ಬರು. ಅವರು ಕೊಟ್ಟದ್ದು ತಮ್ಮ ಆಯುಷ್ಯವನ್ನು. ಅದೇ ಬಸವನಾಳರು ವಚನಗಳ ಸಂಪಾದನೆಗೂ ಕೈಹಚ್ಚಿದರು. ಅದೇ ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ರಚಿಸಿದರು. ಧರ್ಮ ಬೇರೆ, ಶಾಲೆ ಬೇರೆ ಎಂದು ಅವರು ಎಣಿಸಿದಂತೆ ಕಾಣುವುದಿಲ್ಲ. 1933ರಲ್ಲಿ ಆ ಸಂಸ್ಥೆಯು ಬೆಳಗಾವಿಯಲ್ಲಿ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟರು. ಧನ ಕೊಟ್ಟವರ ತ್ಯಾಗವೂ ಜೀವ ತೇಯ್ದವರ ತ್ಯಾಗವೂ ಅಲ್ಲಿ ಒಂದಾದವು.

ದಾನಕ್ಕೂ ದಾಸೋಹಕ್ಕೂ ಅಂತರವಿದೆಯೆಂದು ಪುರಾಣ ಪ್ರವಚನಗಳಲ್ಲಿ ನಾವು ಕೇಳುತ್ತ ಬಂದಿದ್ದೇವೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ದಾಸೋಹಕ್ಕೆ ಸಿರಿವಂತಿಕೆ ಬೇಕೇಬೇಕೆಂದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಒಂದು ದಿನ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ದೇಸಾಯರ ಸಾವಿರಾರು ರೂಪಾಯಿ, ಲಕ್ಕಮ್ಮನ ಬೊಗಸೆ ಅಕ್ಕಿ, ಗುಡಿಯ ಅಂಗಳದ ಆ ತಾಯಿಯ ಕಸಬರಿಗೆ: ಶರಣರ ತಕ್ಕಡಿಯಲ್ಲಿ ಈ ಮೂರೂ ಒಂದೇ ತೂಕ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮವರಿಗೆ ನಾವು ಮಾಡಿದರೆ ಸಾಲದೇ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಲಿಂಗರಾಜರ ಕಾಲದಲ್ಲಿ ಹಿಂದುಳಿದಿದ್ದ ಸಮಾಜವನ್ನು ಎತ್ತುವುದು ಮೊದಲ ಕೆಲಸವಾಗಿತ್ತು, ಅದು ಸಹಜ. ಆದರೆ ಹಚ್ಚಿದ ದೀಪವು ಬೆಳಕನ್ನು ತನ್ನ ಗೂಡಿನಲ್ಲಿಯೇ ಕಟ್ಟಿಡಲಾರದು. ಅಂದು ಅವರೆಲ್ಲ ಕಟ್ಟಿದ ಶಾಲೆ ಕಾಲೇಜುಗಳಲ್ಲಿ ಇಂದು ಎಲ್ಲ ಮತಗಳ ಮಕ್ಕಳು ಓದುತ್ತಿದ್ದಾರೆ. 'ಇವ ನಮ್ಮವ' ಎನ್ನುವುದನ್ನು ಕಲಿಸಿದ ಧರ್ಮಕ್ಕೆ ಇದಕ್ಕಿಂತ ಒಪ್ಪುವ ಫಲ ಯಾವುದಿದೆ?

ಸಂಜೆ ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ಮನಸ್ಸು ನಮ್ಮನ್ನೇ ಕೇಳುತ್ತಿತ್ತು. ನಮ್ಮ ಓಣಿಯ ಗುಡಿಯ ಕಟ್ಟಡಕ್ಕೆ ಕೊಟ್ಟ ಹಣಕ್ಕೆ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡಿದ್ದೆವು. ಆ ಗುಡಿಯ ಅಂಗಳವನ್ನು ಒಂದು ದಿನವಾದರೂ ಗುಡಿಸಿದ್ದೆವೇ? ಪ್ರಸಾದ ನಿಲಯಕ್ಕೆ ಹಣ ಕಳಿಸಿದ್ದೆವು. ಆದರೆ ಅಲ್ಲಿಯ ಮಕ್ಕಳಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಿತ್ತೇ? ಹಣ ಕೊಡುವುದು ಸುಲಭ, ಹೊತ್ತು ಕೊಡುವುದು ಕಷ್ಟ. ಕೊಟ್ಟ ಹಣ ಮತ್ತೆ ಬಂದೀತು. ಕೊಟ್ಟ ಹೊತ್ತು ಬಾರದು.

ಮನೆಗೆ ಬಂದು ಹುಡುಗನನ್ನು ಕರೆದು ಹೇಳಿದೆವು: "ತಮ್ಮಾ, ಪೂಜೆ ಬೇರು, ಸೇವೆ ಅದರ ಹಣ್ಣು. ಬೇರು ಮಣ್ಣಿನೊಳಗೆ ಇರುವುದರಿಂದ ಯಾರಿಗೂ ಕಾಣದು. ಹಣ್ಣನ್ನು ಕಂಡೇ ಬೇರು ಜೀವಂತವಾಗಿದೆಯೆಂದು ಲೋಕ ತಿಳಿಯುತ್ತದೆ." ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ಆ ಗಣಿತದ ಪಾಠಕ್ಕೆ ಹೋಗುತ್ತೀರಾ?" ಎಂದನು. ತಪ್ಪಿಸಿಕೊಳ್ಳಲು ಈ ಸಲ ದಾರಿಯಿರಲಿಲ್ಲ.

ಮುಂದಿನ ರವಿವಾರ ಹೋದೆವು. ಭಿನ್ನರಾಶಿಯ ಲೆಕ್ಕದಲ್ಲಿ ಇಡೀ ಮುಂಜಾನೆ ಕಳೆಯಿತು. ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿ, ಬೇಳೆಯ ಪ್ರಸಾದ ಸ್ವೀಕರಿಸಿ ಬಂದೆವು. ಅಂದಿನ ಸಂಜೆಯ ಪೂಜೆಯಲ್ಲಿ ಮನಸ್ಸು ಎಂದಿಗಿಂತ ಬೇಗ ನಿಂತಿತು.

ಸಹೃದಯ ಓದುಗ ಬಂಧುಗಳು ಯಲ್ಲಮ್ಮನ ಗುಡ್ಡಕ್ಕೆ ಬಂದಾಗ ತುಸು ಮುಂದುವರಿದು ಸಿರಸಂಗಿಯನ್ನೂ ನೋಡಬೇಕು, ಮಕ್ಕಳನ್ನು ಕರೆತರಬೇಕು. ವಾಡೆಯ ಮುಂದೆ ನಿಂತು ದೇಸಾಯರ ಕಥೆ ಹೇಳಿ, ಮರಳಿ ಹೋದ ಮೇಲೆ ತಿಂಗಳಿಗೊಂದು ದಿನವನ್ನಾದರೂ ಪರರಿಗೆಂದು ಎತ್ತಿಡಬೇಕು. ಹೊಸ ಗೋದಿಯನ್ನು ಎತ್ತಿಡುವ ಊರು ನಮಗೆ ಕಲಿಸಿದ ಪಾಠ ಇಷ್ಟೇ.